ನಾನು ಹೊರಟ ಮೇಲಿನ ನಗು

ಹಾನಗಲ್ಲಿಗೆ ವರ್ಗವಾಗಿ ಬಂದ ಹೊಸದರಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬಚ್ಚಲುಮನೆಯ ಚಿಲಕ. ಮನೆಯಲ್ಲಿ ಇರುವವನು ನಾನೊಬ್ಬನೇ. ಹೆಂಡತಿಗೆ ಹುಬ್ಬಳ್ಳಿಯಲ್ಲಿ ನೌಕರಿ, ಮಗಳಿಗೆ ಅಲ್ಲೇ ಕಾಲೇಜು. ಒಬ್ಬನೇ ಇರುವ ಮನೆಯಲ್ಲಿ ಬಚ್ಚಲಿಗೆ ಚಿಲಕ ಹಾಕಿಕೊಳ್ಳುವುದು ಯಾರಿಂದ ಮರೆಯಾಗಲಿಕ್ಕೆ? ಹಾಕಿಕೊಂಡು ಒಳಗೆ ಜಾರಿ ಬಿದ್ದರೆ ಯಾರಾದರೂ ಬಾಗಿಲು ಒಡೆಯಬೇಕು. ಒಡೆಯುವವನಿಗೆ ಮೊದಲು ನಾನು ಬಿದ್ದದ್ದು ಗೊತ್ತಾಗಬೇಕು. ಈ ಊರಿನಲ್ಲಿ ಅದು ಗೊತ್ತಾಗುವುದು ಯಾರಿಗೆ? ಇಷ್ಟು ಯೋಚಿಸುವಷ್ಟರಲ್ಲಿ ಕಾಸಿದ ನೀರು ಆರಿರುತ್ತಿತ್ತು. ಕೊನೆಗೆ ಚಿಲಕ ಹಾಕದೆ ಸ್ನಾನ ಮಾಡುವುದನ್ನು ರೂಢಿ ಮಾಡಿಕೊಂಡೆ. ಆಮೇಲೆ ಬೀದಿಬಾಗಿಲು ಹಾಕಿದ್ದೇನೋ ಇಲ್ಲವೋ ಎಂಬ ಚಿಂತೆ ಶುರುವಾಯಿತು.

ಹಾಗಂತ ಊರಿನವರು ಮಾತಾಡಿಸುತ್ತಿರಲಿಲ್ಲ ಅಂತಲ್ಲ. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವವ. ನಮ್ಮ ಕಡೆ ಮೇಷ್ಟರಿಗೆ ಈಗಲೂ ಮರ್ಯಾದೆ ಉಳಿದಿದೆ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಉಳಿದಿದೆ. ಚಹಾದಂಗಡಿಗೆ ಹೋದರೆ ಬೆಂಚಿನ ಮೇಲೆ ಹರಟುತ್ತಿದ್ದವರು 'ಬರ್ರಿ ಸರ, ಕುಂದರ್ರಿ' ಅಂತ ಎದ್ದು ಜಾಗ ಬಿಡುತ್ತಿದ್ದರು. ಬಿಟ್ಟವರು ತಮ್ಮ ಹರಟೆಯನ್ನೂ ಜೊತೆಗೆ ಒಯ್ದು ಆಚೆ ಗಿಡದ ಕೆಳಗೆ ನಿಲ್ಲುತ್ತಿದ್ದರು. ಇಡೀ ಬೆಂಚಿನ ಮೇಲೆ ನಾನೊಬ್ಬನೇ ಚಹಾ ಹಿಡಿದು ಕೂತಿರುತ್ತಿದ್ದೆ, ಫೋಟೋ ತೆಗೆಸಿಕೊಳ್ಳಲು ಬಂದವನ ಹಾಗೆ.

ಶನಿವಾರ ಹುಬ್ಬಳ್ಳಿಗೆ ಹೋದರೆ ಹೆಂಡತಿಯದು ಒಂದೇ ಪ್ರಶ್ನೆ, ಗೆಳೆಯರು ಅಂತ ಯಾರಾದರೂ ಆದರೇನು ಎಂದು. ಎಲ್ಲರೂ ಭಾಳ ಮರ್ಯಾದೆ ಕೊಡ್ತಾರ ಅನ್ನುತ್ತಿದ್ದೆ. 'ಅದನ್ನ ಕೇಳಿಲ್ಲರಿ ನಾ' ಅನ್ನುತ್ತಿದ್ದಳು. ವರ್ಷದ ಕೊನೆಗೆ ಹುಬ್ಬಳ್ಳಿಯ ಸಮೀಪಕ್ಕೆ ವರ್ಗ ಕೇಳುವ ಅವಕಾಶವಿತ್ತು. ಅಷ್ಟರೊಳಗೆ ಆ ಊರಿನಲ್ಲಿ ನನ್ನವರು ಅನ್ನುವಂಥವರು ಒಬ್ಬರಾದರೂ ಆಗದಿದ್ದರೆ ವರ್ಗ ಕೇಳಿಬಿಡುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು. ನನಗೋ ಊರು ಹಿಡಿಸಿತ್ತು. ಬಿಟ್ಟು ಹೋಗುವ ಮನಸ್ಸಿರಲಿಲ್ಲ. ಆದರೆ ಗೆಳೆತನಕ್ಕೆ ಎಲ್ಲಿ ಹೋಗಿ ಹೆಸರು ಹಚ್ಚಬೇಕು ಎಂಬುದು ತಿಳಿದಿರಲಿಲ್ಲ.

ಬೆಳಿಗ್ಗೆ ವಾಕಿಂಗ್ ಹೋಗುವ ದಾರಿಯಲ್ಲಿ ಒಂದು ಹಳೇ ಅಡಿಕೆ ಗೋದಾಮಿತ್ತು. ಅದರ ಮೇಲೆ 'ಕ್ರಾಸ್‌ಫಿಟ್' ಎಂದು ಬಣ್ಣದ ಬೋರ್ಡು. ಇದೇನು ಅಂತ ಬಾಗಿಲಲ್ಲಿ ಇಣುಕಿದೆ. ಒಬ್ಬ ಟ್ರ್ಯಾಕ್ಟರಿನ ಟೈರನ್ನು ಎತ್ತಿ ಮಗುಚಿ ಹಾಕುತ್ತಿದ್ದ. ಚೂಡಿದಾರದ ಮೇಲೆ ದುಪಟ್ಟಾ ಬಿಗಿದು ಕಟ್ಟಿದ ಹೆಂಗಸೊಬ್ಬಳು ದೊಡ್ಡ ಸುತ್ತಿಗೆಯಿಂದ ಇನ್ನೊಂದು ಟೈರನ್ನು ಬಡಿಯುತ್ತಿದ್ದಳು. ದಪ್ಪನೆಯ ಮನುಷ್ಯನೊಬ್ಬ ಮರಳು ತುಂಬಿದ ಚೀಲವನ್ನು ಮಗುವಿನ ಹಾಗೆ ಎದೆಗವಚಿಕೊಂಡು ಗೋಡೆಯಿಂದ ಗೋಡೆಗೆ ಓಡುತ್ತಿದ್ದ. ಪಕ್ಕದ ಮಾರ್ಕೆಟ್ಟಿನಲ್ಲಿ ಚೀಲ ಹೊತ್ತವರಿಗೆ ಕೂಲಿ ಕೊಡುತ್ತಾರೆ; ಇಲ್ಲಿ ಹೊರುವವರೇ ಫೀ ಕಟ್ಟುತ್ತಿದ್ದರು. ಇತಿಹಾಸ ಓದಿದವನಿಗೆ ಇದಕ್ಕಿಂತ ಕುತೂಹಲದ ಸಂಗತಿ ಇನ್ನೇನು ಬೇಕು? ಮರುದಿನವೂ ಇಣುಕಿದೆ. ಅದರ ಮರುದಿನವೂ.

ಸುತ್ತಿಗೆಯ ಹೆಂಗಸು ಒಳಗಿನಿಂದಲೇ, 'ಹೊರಗ ನಿಂತು ನೋಡಿದ್ರ ಹೊಟ್ಟಿ ಕರಗೂದಿಲ್ಲರಿ, ಒಳಗ ಬರ್ರಿ' ಅಂದಳು. ಚೀಲದ ಮನುಷ್ಯ ಗಾಬರಿಯಾಗಿ ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳು ಸುತ್ತಿಗೆ ಕೆಳಗಿಟ್ಟು ದುಪಟ್ಟಾ ಸರಿಮಾಡಿಕೊಂಡು, 'ಸರ ಏನ್ರಿ, ಗೊತ್ತಾಗಲಿಲ್ಲ, ತಪ್ಪು ತಿಳೀಬ್ಯಾಡ್ರಿ' ಅಂದಳು. ಅಷ್ಟು ಹೊತ್ತು ತೆರೆದಿದ್ದ ಬಾಗಿಲೊಂದು ಅರ್ಧ ಮುಚ್ಚಿಕೊಂಡ ಹಾಗಾಯಿತು. ಆ ಅರ್ಧದಲ್ಲೇ ನುಗ್ಗಿ ಹೆಸರು ಹಚ್ಚಿದೆ.

ಅದು ಹೊಸ ನಮೂನೆಯ ವ್ಯಾಯಾಮಶಾಲೆ. ಕಲಿಸುವವನು ಪೈಲ್ವಾನರ ಮನೆತನದವನು. ಅವನ ಅಜ್ಜ ಗರಡಿಮನೆಯಲ್ಲಿ ಕುಸ್ತಿ ಕಲಿಸುತ್ತಿದ್ದರಂತೆ. ಇವನು ಹುಬ್ಬಳ್ಳಿಯಲ್ಲಿ ಈ ಹೊಸ ವಿದ್ಯೆ ಕಲಿತು ಬಂದರೂ ಎಲ್ಲರೂ ಅವನನ್ನು ಕರೆಯುವುದು ಅಜ್ಜನನ್ನು ಕರೆದ ಹಾಗೆ, 'ವಸ್ತಾದ್' ಎಂದೇ. ಗರಡಿಯ ಪದ್ಧತಿಗಳನ್ನೂ ಅವನು ಬಿಟ್ಟಿರಲಿಲ್ಲ. ಬೀದಿಯಲ್ಲಿ ಮೆಟ್ಟಿದ್ದು ಬಾಗಿಲಾಚೆ. ಒಳಗಿನ ಬೂಟು ಬೇರೆ. ಒಳಗೆ ಕಾಲಿಡುವಾಗ ನೆಲ ಮುಟ್ಟಿ ನಮಸ್ಕಾರ. ಗೋಡೆಯ ಹಲಗೆಯ ಮೇಲೆ ಆ ದಿನದ ಕಸರತ್ತು ಬರೆದಿರುತ್ತದೆ: ಇಷ್ಟು ಚೀಲ, ಇಷ್ಟು ಸುತ್ತಿಗೆ, ಇಷ್ಟು ಬರ್ಪಿ. ಎಲ್ಲರೂ ಒಟ್ಟಿಗೆ ಶುರು ಮಾಡುವುದು, ಯಾರದು ಯಾವಾಗ ಮುಗಿಯುತ್ತದೋ ಆಗ ಮುಗಿಸುವುದು. ಬರ್ಪಿ ಅಂದರೆ ನೆಲಕ್ಕೆ ಬೋರಲು ಬಿದ್ದು, ಎದ್ದು, ಜಿಗಿಯುವುದು. ಜೀವಮಾನವೆಲ್ಲ ಎಲ್ಲಿ ಬಿದ್ದೇನೋ ಎಂದು ಹೆದರಿ ನಡೆದವನು ಫೀ ಕಟ್ಟಿ ಬೀಳಲು ಶುರುಮಾಡಿದೆ.

ಹೆದರಿಕೆ ಏನೂ ಕಡಿಮೆಯಾಗಲಿಲ್ಲ. ಜಾಗ ಬದಲಿಸಿತು ಅಷ್ಟೆ. ಎದೆ ಡವಡವ ಅಂದರೆ ಹೃದಯದ ಚಿಂತೆ, ಅನ್ನದಿದ್ದರೂ ಹೃದಯದ ಚಿಂತೆ. ಮೊಣಕಾಲಿನ ಸಪ್ಪಳ ಪಕ್ಕದವರಿಗೆ ಕೇಳಿಸಿತೇನೋ ಎಂದು ಇನ್ನೊಂದು. ಚಡ್ಡಿಯಲ್ಲಿ ನನ್ನನ್ನು ವಿದ್ಯಾರ್ಥಿಗಳು ಕಂಡರೆ ನಾಳೆ ಕ್ಲಾಸಿನಲ್ಲಿ ಸಾಮ್ರಾಜ್ಯಗಳ ಪತನವನ್ನು ಯಾವ ಮುಖ ಇಟ್ಟುಕೊಂಡು ಪಾಠ ಮಾಡುವುದು ಎಂಬುದು ಎಲ್ಲಕ್ಕಿಂತ ದೊಡ್ಡದು.

ಆದರೂ ಒಂದು ಆಶ್ಚರ್ಯ ನಡೆಯಿತು. ಕೆಲವೇ ವಾರಗಳಲ್ಲಿ ನಾನು ಸುಧಾರಿಸಿದೆ. ಎಂದೂ ನಾನು ಕೊನೆಯವನಾಗುತ್ತಿರಲಿಲ್ಲ. ಆ ದಪ್ಪನೆಯ ಮನುಷ್ಯ ಅಡಿಕೆ ವ್ಯಾಪಾರಿ, ಗೋದಾಮೂ ಅವರದೇ. ಎಲ್ಲರೂ ಸಾವ್ಕಾರ್ರು ಅನ್ನುತ್ತಿದ್ದರು. ಅವರು ಶುರುವಿನಲ್ಲಿ ನನಗಿಂತ ಮುಂದಿದ್ದರೂ ಕೊನೆಯ ಹಂತಕ್ಕೆ ಬರುವಷ್ಟರಲ್ಲಿ ಅವರ ಬೂಟಿನ ಲೇಸು ಬಿಚ್ಚಿಕೊಳ್ಳುತ್ತಿತ್ತು. ಕೂತು ಕಟ್ಟಿಕೊಳ್ಳುತ್ತಿದ್ದರು. ಕಟ್ಟುವಷ್ಟರಲ್ಲಿ ನನ್ನದು ಮುಗಿದಿರುತ್ತಿತ್ತು. ಇಷ್ಟು ದೊಡ್ಡ ವ್ಯಾಪಾರ ಮಾಡುವವರಿಗೆ ಒಂದು ಗಂಟು ಹಾಕಲು ಬರುವುದಿಲ್ಲವಲ್ಲ ಎಂದು ನನಗೆ ಮರುಕ. ಸುತ್ತಿಗೆಯ ಅಕ್ಕ ಊರಿನಲ್ಲಿ ಖಾನಾವಳಿ ನಡೆಸುವವಳು, ರೊಟ್ಟಿ ಬಡಿದ ತೋಳು. ಅವಳೂ ಒಮ್ಮೊಮ್ಮೆ ಕೊನೆಗೆ ನೀರು ಕುಡಿಯಲು ಹೋದವಳು ಊರ ಕೆರೆಗೇ ಹೋದಳೇನೋ ಅನ್ನುವಷ್ಟು ಹೊತ್ತು ಮಾಡುತ್ತಿದ್ದಳು. ಹೆಂಡತಿಗೆ ಫೋನಿನಲ್ಲಿ ನನ್ನ ಪ್ರಗತಿ ವರ್ಣಿಸಿದೆ. ಅವಳು, ಅಲ್ಲಿ ಉಳಿದವರಿಗೆಲ್ಲ ಆರಾಮ ಇಲ್ಲೇನು ಎಂದು ಕೇಳಿದಳು.

ನನ್ನನ್ನು ಕೊರೆದದ್ದು ಬೇರೆಯೇ. ನನ್ನದು ಮುಗಿದ ಕೂಡಲೇ ವಸ್ತಾದ್ ಟವೆಲ್ ತಂದುಕೊಟ್ಟು, ಕಾಲೇಜಿಗೆ ಹೊತ್ತಾಗ್ತೈತಿ ನಡೀರಿ ಸರ ಅಂತ ಬಾಗಿಲತನಕ ಬಂದು ಕಳಿಸುತ್ತಿದ್ದ. ಉಳಿದವರು ಮಾತ್ರ ಯಾರೂ ಹೊರಡುತ್ತಿರಲಿಲ್ಲ. ನಾನು ಆಚೆ ಚಪ್ಪಲಿ ಮೆಟ್ಟುತ್ತಿರುವಾಗ ಒಳಗೆ ನಗು ಏಳುತ್ತಿತ್ತು. ಸಣ್ಣ ನಗುವಲ್ಲ, ಗೋದಾಮಿನ ತಗಡು ಅದುರುವಂಥದ್ದು. ಸ್ಕೂಟರಿನ ಕೀಲಿ ಹುಡುಕುವ ನೆಪದಲ್ಲಿ ನಿಂತು ಕಿವಿಗೊಡುತ್ತಿದ್ದೆ. ಮಾತು ತಿಳಿಯುತ್ತಿರಲಿಲ್ಲ. ಏತಕ್ಕೆ ನಗುತ್ತಾರೆ? ನನ್ನ ಚಡ್ಡಿಗೋ, ಮೊಣಕಾಲಿನ ಸಪ್ಪಳಕ್ಕೋ? ಕಾಲೇಜು ಮುಟ್ಟುವಷ್ಟರಲ್ಲಿ ಕಾರಣಗಳ ಒಂದು ಅಧ್ಯಾಯವೇ ಸಿದ್ಧವಾಗಿರುತ್ತಿತ್ತು. ನನ್ನನ್ನೇ ನೋಡಿ ನಗುತ್ತಿದ್ದರೂ ಚಿಂತೆಯಿಲ್ಲ, ಒಮ್ಮೆ ಆ ನಗುವಿನ ಒಳಗಿರಬೇಕು ಅನ್ನಿಸತೊಡಗಿತು. ವರ್ಗ ಕೇಳುವ ದಿನಗಳು ಹತ್ತಿರ ಬರುತ್ತಿದ್ದವು. ಪರಿಚಯ ಅಂದರೆ ನನಗಿದ್ದದ್ದು ಒಂದು ಮುಚ್ಚಿದ ಬಾಗಿಲಿನ ಹಿಂದಿನ ನಗು.

ಒಂದು ರವಿವಾರ ಎಲ್ಲರೂ ಹಿರೇಕೆರೂರಿಗೆ ಹೊರಟೆವು. ಅಲ್ಲಿ ವಸ್ತಾದನ ಗೆಳೆಯನೊಬ್ಬ ಇಂಥದ್ದೇ ಒಂದನ್ನು ನಡೆಸುತ್ತಿದ್ದ. ಅವನೂ ಅದೇ ಅಜ್ಜನ ಗರಡಿಯಲ್ಲಿ ಆಡಿದವನು. ಸಾವ್ಕಾರ್ರ ಗೂಡ್ಸ್ ಗಾಡಿಯಲ್ಲಿ ನನ್ನನ್ನು ಡ್ರೈವರಿನ ಪಕ್ಕ ಕೂರಿಸಿ ಉಳಿದವರೆಲ್ಲ ಹಿಂದೆ ಹತ್ತಿದರು. ದಾರಿಯುದ್ದಕ್ಕೂ ಹಿಂದಿನಿಂದ ಹಾಡು, ಕೂಗಾಟ. ಮುಂದೆ ನಾನೂ ಡ್ರೈವರೂ ಮಳೆಯ ಬಗ್ಗೆ ಮಾತಾಡಿದೆವು.

ಹಿರೇಕೆರೂರಿನಲ್ಲಿ ನನ್ನ ಗುರುತು ಯಾರಿಗೂ ಇರಲಿಲ್ಲ. ಚಡ್ಡಿ ಹಾಕಿದ ಮನುಷ್ಯನ ಹಣೆಯ ಮೇಲೆ ಮೇಷ್ಟರು ಎಂದು ಬರೆದಿರುವುದಿಲ್ಲವಲ್ಲ. ಎರಡೂ ಊರಿನವರು ಕೂಡಿ ಶುರು ಮಾಡಿದೆವು. ನಾನು ಚೀಲ ಹೊತ್ತು ಅರ್ಧಕ್ಕೆ ಬರುವಷ್ಟರಲ್ಲಿ ಆ ಊರಿನವರೆಲ್ಲ ಮುಗಿಸಿ ಗೋಡೆಗೆ ಒರಗಿದ್ದರು. ಸಾವ್ಕಾರ್ರು ಲೇಸು ಬಿಚ್ಚಿಕೊಂಡು ಕೂತದ್ದು ಕಂಡಿತು. ಹಿರೇಕೆರೂರಿನವರು ಬಿಡಲಿಲ್ಲ; ಲೇಸು ಕಟ್ಟೂ ಆಟ ಇಲ್ಲಿ ನಡೆಯೂದಿಲ್ಲ ಏಳ್ರಿ ಅಂತ ಇಬ್ಬರು ರಟ್ಟೆ ಹಿಡಿದು ಎಬ್ಬಿಸಿ ಓಡಿಸಿದರು. ಅವರೂ ಮುಗಿಸಿದರು. ಉಳಿದವನು ನಾನೊಬ್ಬ. ಎಷ್ಟೋ ಹೊತ್ತಿನ ಮೇಲೆ ಕೊನೆಯ ಬರ್ಪಿ ಬಿದ್ದು ಎದ್ದಾಗ ಆ ಊರಿನ ನರ್ಸಮ್ಮ ಒಬ್ಬಳು ಬಂದು ನನ್ನ ಕೈಗೆ ಕಸಬರಿಗೆ ಕೊಟ್ಟಳು.

ನಾನು ಕಸಬರಿಗೆಯನ್ನೂ ಅವಳನ್ನೂ ನೋಡಿದೆ.

'ಹಿಂದ ಉಳಿದವ್ರು ಕಸಾ ಹೊಡೀಬೇಕಲ್ಲರಿ. ಹಾನಗಲ್ಲಾಗ ಹಿಂಗ ಇಲ್ಲೇನು?'

ಅಷ್ಟರಲ್ಲಿ ನಮ್ಮ ಊರಿನವರೆಲ್ಲ ಓಡಿಬಂದರು, ಬೆಂಕಿ ಬಿದ್ದ ಕಡೆಗೆ ಓಡುವ ಹಾಗೆ. ಸಾವ್ಕಾರ್ರು ಕಸಬರಿಗೆಯ ಒಂದು ತುದಿ ಹಿಡಿದರು, ಖಾನಾವಳಿಯ ಅಕ್ಕ ಇನ್ನೊಂದು. ನಾನು ನಡುವೆ ಹಿಡಿದು ಬಿಡಲಿಲ್ಲ. ನರ್ಸಮ್ಮ ಏನೂ ತಿಳಿಯದೆ ಒಬ್ಬೊಬ್ಬರ ಮುಖ ನೋಡುತ್ತ ನಿಂತಳು. ಕೊನೆಗೂ ಕಸಬರಿಗೆ ಕಿತ್ತುಕೊಂಡು ನಮ್ಮವರೇ ಗೆದ್ದರು.

ವಾಪಸು ಬರುವಾಗ ನಾನು ಮುಂದೆ ಕೂರದೆ ಹಿಂದೆ ಹತ್ತಿದೆ. ಹಾಡು ನಿಂತುಹೋಯಿತು. ಬಹಳ ದೂರ ಬಂದ ಮೇಲೆ ವಸ್ತಾದ್ ತಾನಾಗಿಯೇ ಹೇಳಿದ. ಗರಡಿಯಲ್ಲಿ ಹಿಂದೆ ಬಿದ್ದವನು ಮರುದಿನಕ್ಕೆ ಕೆಮ್ಮಣ್ಣು ಅಗೆದು ಹದಮಾಡಬೇಕಿತ್ತಂತೆ. ಗೌಡನೇ ಇರಲಿ, ಗೌಡನ ಹೊಲದಲ್ಲಿ ದುಡಿಯುವವನೇ ಇರಲಿ, ಅಜ್ಜ ಯಾರನ್ನೂ ಬಿಡುತ್ತಿರಲಿಲ್ಲವಂತೆ. ಇಲ್ಲಿ ಮಣ್ಣಿಲ್ಲ, ಅದಕ್ಕೆ ಕಸಬರಿಗೆ. ಕೊನೆಯವರು ಗುಡಿಸುವುದು, ಉಳಿದವರು ಟೈರಿನ ಮೇಲೆ ಕೂತು ಖಾನಾವಳಿಯಿಂದ ಬಂದ ಚಹಾ ಕುಡಿಯುತ್ತ ಗುಡಿಸುವವರ ಕಾಲೆಳೆಯುವುದು. ನಾನು ಆಚೆ ನಿಂತು ಕೇಳುತ್ತಿದ್ದ ನಗು ಅದು. ಅವತ್ತು ಗುಡಿಸುತ್ತಿದ್ದವರ ಮೇಲಿನ ನಗು. ಅದರಲ್ಲಿ ನಾನು ಎಲ್ಲಿಯೂ ಇರಲೇ ಇಲ್ಲ.

ಸಾವ್ಕಾರ್ರು ತಲೆ ತಗ್ಗಿಸಿ ಹೇಳಿದರು, 'ನಮ್ಮ ಮಗಳು ನಿಮ್ಮ ಕ್ಲಾಸಿನ್ಯಾಗ ಕುಂದರತಾಳ್ರಿ ಸರ. ನಿಮ್ಮ ಕೈಯಾಗ ಕಸಬರಗಿ ಹೆಂಗ ಕೊಡೂದ್ರಿ?'

ಅದಕ್ಕೇ ಸರದಿ ಹಾಕಿಕೊಂಡು ನನ್ನ ಹಿಂದೆ ಉಳಿಯುತ್ತಿದ್ದರು. ಒಂದು ದಿನ ಲೇಸು, ಒಂದು ದಿನ ನೀರು. ನನ್ನ ಪ್ರಗತಿಯೆಲ್ಲ ಅವರ ಸಂಸ್ಕಾರ. ನಾಚಿಕೆಯಾಯಿತು, ನಗೆಯೂ ಬಂತು. ಚಹಾದಂಗಡಿಯಲ್ಲಿ ಬೆಂಚು ಬಿಟ್ಟುಕೊಟ್ಟವರ ಹಾಗೆ ಇವರೂ ಒಳ್ಳೆಯದೆಂದೇ ತಿಳಿದು ನನ್ನನ್ನು ಅಷ್ಟು ದೂರ ಕೂರಿಸಿದ್ದರು.

ಮರುದಿನ ಒಂದು ತೀರ್ಮಾನ ಮಾಡಿಕೊಂಡೇ ಹೋದೆ. ನಾನು ಕೊನೆಯವನಾಗಲು ವಿಶೇಷ ಶ್ರಮವೇನೂ ಬೇಕಿರಲಿಲ್ಲ. ಸಾವ್ಕಾರ್ರು ಬಿಟ್ಟರೆ ಸಾಕಿತ್ತು. ಅವರು ಬಿಡಲಿಲ್ಲ. ಎಲ್ಲರದೂ ಮುಗಿದು ಇಬ್ಬರಿಗೂ ಒಂದೊಂದು ಬರ್ಪಿ ಉಳಿಯಿತು. ಅವರು ಲೇಸು ಬಿಚ್ಚಿದರು. ನಾನೂ ನನ್ನ ಲೇಸು ಬಿಚ್ಚಿದೆ. ಅವರು ಕಟ್ಟಿ ಮತ್ತೆ ಬಿಚ್ಚಿದರು. ನೀವು ಮುಗಸ್ರಿ ಅಂದರು. ಛೆ ಛೆ, ಮೊದಲು ನೀವು ಅಂದೆ. ಹೋಟೆಲಿನಲ್ಲಿ ಬಿಲ್ಲು ಕೊಡಲು ಇಬ್ಬರು ಗಂಡಸರು ಕೈ ತಳ್ಳಾಡಿದ ಹಾಗೆ ಆಯಿತು. ವಸ್ತಾದ್ ಗಡಿಯಾರ ನೋಡಿದ, ಬಾಗಿಲು ನೋಡಿದ. ಅವನಿಗೂ ಇತ್ತ ಅಜ್ಜನ ಪದ್ಧತಿ, ಅತ್ತ ಮೇಷ್ಟರು.

ಚಹಾದ ಕಿಟ್ಲಿ ಹಿಡಿದು ನಿಂತಿದ್ದ ಅಕ್ಕನಿಗೆ ತಾಳ್ಮೆ ಮುಗಿಯಿತು.

'ಸಾವ್ಕಾರ್ರ, ಕಸಬರಗಿ ಅವರಿಗೆ ಕೊಟ್ಟಬಿಡ್ರಿ ಅತ್ಲಾಗ. ಮನ್ಯಾಗ ಒಬ್ರ ಅದಾರ. ಇಲ್ಲೂ ಒಬ್ರನ್ನ ಮಾಡಿ ಕಳಸ್ತೀವಲ್ಲ ದಿನಾ, ಅದೇನು ಮರ್ಯಾದಿ?'

ನಾನು ಒಬ್ಬನೇ ಇರುತ್ತೇನೆಂದು ಅವಳಿಗೆ ಹೇಳಿದ ನೆನಪು ನನಗಿರಲಿಲ್ಲ. ಸಾವ್ಕಾರ್ರು ಲೇಸು ಬಿಟ್ಟು ಎದ್ದರು. ದೇವರಿಗೆ ಅಡ್ಡಬಿದ್ದಷ್ಟು ನಿಧಾನವಾಗಿ ನೆಲಕ್ಕೆ ಬಿದ್ದು, ಎದ್ದು, ಚೂರು ಜಿಗಿದರು. ಆಮೇಲೆ ನಾನು ಬಿದ್ದೆ. ನನ್ನಷ್ಟು ಸಂತೋಷದಿಂದ ಆ ಗೋದಾಮಿನಲ್ಲಿ ಯಾರೂ ಬಿದ್ದಿರಲಾರರು.

ಕಸಬರಿಗೆ ವಸ್ತಾದನೇ ತಂದುಕೊಟ್ಟ, ಎರಡೂ ಕೈಯಲ್ಲಿ. ಶುರುಮಾಡಿದೆ. ಮೊದಮೊದಲು ಯಾರೂ ಉಸಿರೆತ್ತಲಿಲ್ಲ. ಪರೀಕ್ಷೆಯ ಕೋಣೆಯಂಥ ಮೌನ. ನನ್ನ ಪುಣ್ಯಕ್ಕೆ ನಾನು ಗುಡಿಸುವುದರಲ್ಲೂ ಹಿಂದೆಯೇ. ಫ್ಯಾನು ತಿರುಗುತ್ತಿದ್ದುದನ್ನು ನೋಡದೆ ಕೂಡಿಸಿದ ಧೂಳೆಲ್ಲ ಎದ್ದು ಹೋಗಿ ಸಾವ್ಕಾರ್ರ ಚಹಾದಲ್ಲಿ ಬಿತ್ತು. ಅವರು ಲೋಟ ನೋಡಿದರು, ನನ್ನನ್ನು ನೋಡಿದರು. ಮೊದಲು ನಕ್ಕವಳು ಅಕ್ಕ. ಆಮೇಲೆ ತಗಡು ಅದುರಿತು.

ಅಲ್ಲಿಂದ ಯಾರೂ ಬಿಡಲಿಲ್ಲ. ರಾಜರ ಕಥಿ ಅಲ್ಲರಿ ಸರ, ನಡುವಿಂದಷ್ಟ ಹೇಳಿ ಬಿಡಾಕ, ಮೂಲ್ಯಾಗಿನ ಕಸಾನೂ ತಗೀಬೇಕು ಅಂತ ಅಕ್ಕ. ನಮ್ಮ ಹುಡುಗಿ ನಿಮಗ ಹೆದರತಾಳಂತ, ಇವತ್ತ ಕರಕೊಂಡ ಬರಬೇಕಿತ್ತು ಅಂತ ಸಾವ್ಕಾರ್ರು. ನಾನು ಮುಗಿಸಿ ಟೈರಿನ ಮೇಲೆ ಅವರ ಪಕ್ಕ ಒತ್ತಿ ಕೂತೆ. ಯಾರೂ ಏಳಲಿಲ್ಲ, ಸಾವ್ಕಾರ್ರು ಅರ್ಧ ಕುಂಡೆಯಷ್ಟು ಸರಿದರು. ಅಕ್ಕ ಲೋಟಕ್ಕೆ ಚಹಾ ಸುರಿಯುತ್ತ ವಸ್ತಾದನ ಮದುವೆಯ ವಿಷಯ ತೆಗೆದಳು. ಸವಣೂರಿನಲ್ಲಿ ನೋಡಿದ ಹುಡುಗಿ ಚಲೋ, ಇಲ್ಲ ಶಿಗ್ಗಾವಿಯಲ್ಲಿ ನೋಡಿದ ಹುಡುಗಿ ಚಲೋ ಎಂದು ವಾದ ಹತ್ತಿತು. ನಡುವೆ ಸಾವ್ಕಾರ್ರು ನನ್ನ ತೊಡೆಗೆ ಹೊಡೆದು, 'ನೀವರ ಹೇಳ್ರಿ, ಸುಮ್ಮ ಚಾ ಕುಡದ್ರ ಹೆಂಗ?' ಅಂದರು.

ನಾನು ಶಿಗ್ಗಾವಿ ಅಂದೆ. ಅರ್ಧ ಜನ ನನ್ನ ಮೇಲೆ ಬಿದ್ದರು.