ಸಸಿಗೆ ಹಾಕಿದ ಹೊಲಿಗೆ

ಚಟ್ ಅಂತ ಒಂದು ಸದ್ದು.

ಮಧ್ಯಾಹ್ನ ಮೂರರ ಹೊತ್ತು. ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಹಿತ್ತಲಿನ ಹಾಸುಗಲ್ಲಿನ ಮೇಲೆ ಎರಡು ಹೊಲಿಗೆ ಮಿಷನ್ನುಗಳು ಒಟ್ಟಿಗೇ ನಿಂತವು. ಅಕ್ಕ ತನ್ನ ಸೂಜಿ ನೋಡಿಕೊಂಡಳು, ತಂಗಿ ತನ್ನದನ್ನು. ಎರಡೂ ನೆಟ್ಟಗಿದ್ದವು.

"ನಿಂದು ಮುರೀತೇನೇ?"

"ಇಲ್ಲಕ್ಕ. ನಿಂದೇ ಅಂದ್ಕೊಂಡೆ ನಾನು."

ಗುಲ್‌ಮೊಹರ್ ಮರದ ಬೊಡ್ಡೆಗೆ ಬೆನ್ನು ಕೊಟ್ಟು ಕೂತಿದ್ದ ಅತ್ತೆ ಮಾತ್ರ ತಲೆ ಎತ್ತಲಿಲ್ಲ. ಮಡಿಲಲ್ಲಿ ಗುಂಡಿ ಡಬ್ಬಿ, ಕೈಯಲ್ಲಿ ಬಿಳಿ ಅಂಗಿ. ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು ಅವರ ಕಿವಿ ಎಂದೋ ಹೋಗಿತ್ತು. ಗುಂಡಿಯ ಬುಡಕ್ಕೆ ನೂಲು ಸುತ್ತುತ್ತಲೇ ಅಂದರು:

"ಇವತ್ತೇನ್ರೇ, ಮಿಷನ್ನು ಇಷ್ಟು ಜೋರಾಗಿ ತುಳೀತಿದ್ದೀರಾ? ಬೆನ್ನಿಗೆ ಗುದ್ದಿದ ಹಾಗಾಗ್ತಿದೆ."

ಮಿಷನ್ನುಗಳು ನಿಂತೇ ಇದ್ದವು.

ಊರಿನ ಅರ್ಧ ಮಕ್ಕಳು ಅಕ್ಕ ಹೊಲಿದ ಅಂಗಿ ತೊಟ್ಟೇ ಶಾಲೆಗೆ ಹೋದವರು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು 'ಯೂನಿಫಾರ್ಮ್ ಅಕ್ಕ'. ಅವಳ ಹೊಲಿಗೆಗೊಂದು ಗುಟ್ಟಿತ್ತು. ಪ್ರತಿ ಅಂಗಿಯ ಪಕ್ಕೆಯಲ್ಲಿ, ಪ್ರತಿ ಲಂಗದ ಅಂಚಿನಲ್ಲಿ ಒಳಗಡೆ ಎರಡು ಬೆರಳು ಬಟ್ಟೆ ಬಿಟ್ಟಿರುತ್ತಿದ್ದಳು. ವರ್ಷ ಕಳೆದ ಮೇಲೆ ಒಂದು ಸಾಲು ಹೊಲಿಗೆ ಬಿಚ್ಚಿದರೆ ಸಾಕು, ಅಂಗಿಯೂ ಮಗುವಿನ ಜೊತೆ ಬೆಳೆಯುತ್ತಿತ್ತು. "ಬೆಳೆಯೋ ಮೈಯನ್ನ ಬಿಗಿದು ಕಟ್ಟಬಾರದು ಕಣೇ" ಎಂದು ತಂಗಿಗೂ ಅದನ್ನೇ ಕಲಿಸಿದ್ದಳು.

ಗಂಡ ತೀರಿಕೊಂಡ ವರ್ಷ, ಅತ್ತೆಯನ್ನು ಅವರ ಮಗಳ ಮನೆಗೆ ಕಳಿಸಿಬಿಡು ಎಂದು ಎಲ್ಲರೂ ಹೇಳಿದರು. "ಕಳಿಸಿದ್ರೆ ಗುಂಡಿ ಹಚ್ಚೋಕೆ ನೀವು ಬರ್ತೀರಾ?" ಎಂದು ಕೇಳಿ ಬಾಯಿ ಮುಚ್ಚಿಸಿದಳು. ಆ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಕೂತಿದ್ದ ಅತ್ತೆ ತಲೆ ಸುತ್ತಿ ಬಿದ್ದರು. ಎಚ್ಚರವಾದಾಗ ಅವರ ತುಟಿ ನೀಲಿಯಾಗಿತ್ತು. ಮರುದಿನವೇ ಅಕ್ಕ ಅವರ ಕೈ ಹಿಡಿದುಕೊಂಡು ನರ್ಸರಿಗೆ ಹೋದಳು.

"ನೆರಳು ಬೇಕು, ಯಜಮಾನ್ರೇ. ಬೇಗ ಬೇಕು."

"ಹೊಂಗೆ ಹಾಕಿ ಅಮ್ಮಾ. ಸ್ವಲ್ಪ ನಿಧಾನ, ಆದ್ರೆ ಮೂಳೆ ಗಟ್ಟಿ."

"ಎಷ್ಟು ವರ್ಷ ಆಗುತ್ತೆ?"

"ಒಳ್ಳೆ ನೆರಳು ಅಂದ್ರೆ ಏಳೆಂಟು."

"ಅಷ್ಟರಲ್ಲಿ ಇವರು ಗೋಡೆ ಮೇಲೆ ಫೋಟೋ ಆಗಿರ್ತಾರೆ!"

ಸೊಸೆ ತಮ್ಮ ಬಗ್ಗೆ ಏನೋ ಒಳ್ಳೆಯದೇ ಹೇಳುತ್ತಿದ್ದಾಳೆ ಎಂದುಕೊಂಡ ಅತ್ತೆ ನಕ್ಕು ತಲೆಯಾಡಿಸಿದರು.

ನರ್ಸರಿಯವರು ನಗುತ್ತಲೇ ಗುಲ್‌ಮೊಹರ್ ಸಸಿ ಎತ್ತಿಕೊಟ್ಟರು. ಜೊತೆಗೆ ಬುದ್ಧಿಯನ್ನೂ ಹೇಳಿದರು. "ಮೂರು ವರ್ಷಕ್ಕೆ ಕೊಡೆ ಬಿಚ್ಚುತ್ತೆ. ಆದ್ರೆ ಇದು ಅವಸರದ ಮರ. ಕೂತು ಕೆಲಸ ಮಾಡೋ ಜಾಗದಿಂದ ಹತ್ತು ಹೆಜ್ಜೆ ದೂರ ನೆಡಿ. ನೀರನ್ನ ಬೊಡ್ಡೆಗೆ ಸುರೀಬೇಡಿ, ಸುತ್ತ ಹಾಕಿ. ಗೂಟಕ್ಕೆ ಸಡಿಲವಾಗಿ ಕಟ್ಟಿ, ವರ್ಷ ತುಂಬಿದ ಮೇಲೆ ಮರೀದೆ ಬಿಚ್ಚಿ."

ನೀರನ್ನು ಅಕ್ಕ ಅವರು ಹೇಳಿದ ಹಾಗೇ ಹಾಕಿದಳು. ಹತ್ತು ಹೆಜ್ಜೆ ದೂರ ನೆಟ್ಟರೆ ಮಧ್ಯಾಹ್ನದ ನೆರಳು ಪಕ್ಕದವರ ಗೋಡೆಗೆ ಹೋಗುತ್ತಿತ್ತು. ಹಾಸುಗಲ್ಲಿನಿಂದ ಮೂರೇ ಹೆಜ್ಜೆಗೆ ಗುಂಡಿ ತೋಡಿದಳು. ಇನ್ನು ಕಟ್ಟುವ ವಿಷಯ. ಹಗ್ಗದ ಗಂಟಿನ ಮೇಲೆ ಅವಳಿಗೆ ಎಂದೂ ನಂಬಿಕೆ ಇರಲಿಲ್ಲ. ಶಾಲೆ ಚೀಲಕ್ಕೆ ಹಾಕುವ ನೈಲಾನ್ ಪಟ್ಟಿಯನ್ನು ಸಸಿಗೂ ಗೂಟಕ್ಕೂ ಸೇರಿಸಿ ಸುತ್ತಿ, ದಬ್ಬಳ ಹಿಡಿದು ನಾಲ್ಕು ಸಾಲು ಹೊಲಿದಳು. "ಗಂಟು ಬಿಚ್ಚಿಕೊಳ್ಳುತ್ತೆ, ನನ್ನ ಹೊಲಿಗೆ ಬಿಚ್ಚಲ್ಲ" ಎಂದು ಹೆಮ್ಮೆಯಿಂದ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು.

ಅದು ಬಿಚ್ಚಲೇ ಇಲ್ಲ. ಎರಡನೇ ವರ್ಷ ಗೂಟವನ್ನು ಗೆದ್ದಲು ತಿಂದಿತು. ಅದರ ಜೊತೆ ಪಟ್ಟಿಯೂ ಹೋಯಿತು ಎಂದುಕೊಂಡು ಅವಳು ಮರೆತಳು. ಮರ ಪಟ್ಟಿಯನ್ನು ನುಂಗಿಕೊಂಡು ಬೆಳೆಯಿತು. ನುಂಗಿದ ಕಡೆ ಬೊಡ್ಡೆಗೆ ಉಡಿದಾರ ಬಿಗಿದಂತೆ ಒಂದು ತಗ್ಗು ಬಿತ್ತು, ಅದರ ಮೇಲೆ ಉಬ್ಬು. ಕುರ್ಚಿ ಹಾಕಿ ಕೂತರೆ ಆ ತಗ್ಗಿಗೆ ಅತ್ತೆಯ ಕತ್ತು ಸರಿಯಾಗಿ ಕೂರುತ್ತಿತ್ತು. "ಮರ ನನಗೇ ಅಂತ ದಿಂಬು ಮಾಡಿಕೊಟ್ಟಿದೆ ನೋಡು" ಅನ್ನುತ್ತಿದ್ದರು. ಹನ್ನೊಂದು ವರ್ಷವಾದರೂ ಅವರು ಫೋಟೋ ಆಗಲಿಲ್ಲ. ಆ ನೆರಳಿನಲ್ಲೇ ಸಾವಿರಾರು ಗುಂಡಿ ಹಚ್ಚಿದರು.

ಆ ಸದ್ದಿನ ಮರುದಿನ ಅಕ್ಕ ನರ್ಸರಿಯವರನ್ನು ಕರೆಸಿದಳು. ಅವರು ಮರದ ಸುತ್ತ ಒಂದು ಸುತ್ತು ಬಂದರು. ತಗ್ಗಿನಲ್ಲಿ ಬೆರಳಾಡಿಸಿ, ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು ಅಲ್ಲಿ ಒತ್ತಿದರು. ಅದು ಹಿಡಿಯವರೆಗೂ ಒಳಗೆ ಹೋಯಿತು. ಎಳೆದಾಗ ಕಪ್ಪು ಪುಡಿಯ ಜೊತೆ ನೀಲಿ ನೈಲಾನಿನ ಒಂದು ಎಳೆ ಬಂತು. ಬಣ್ಣವೂ ಮಾಸಿರಲಿಲ್ಲ.

ಅವರು ತಲೆ ಎತ್ತಿ ಕೊಂಬೆಗಳನ್ನು ನೋಡಿದರು. ಆಮೇಲೆ ಕೊಂಬೆಗಳ ಕೆಳಗೆ ಅತ್ತೆ ಕೂತಿದ್ದ ಕುರ್ಚಿಯನ್ನು.

"ನಾಳೆ ಬೆಳಿಗ್ಗೆ ಆಳುಗಳನ್ನ ಕರ್ಕೊಂಡು ಬರ್ತೀನಿ. ಅಲ್ಲೀವರೆಗೆ ಇದರ ಕೆಳಗೆ ಒಂದು ಬೆಕ್ಕೂ ಹೋಗಬಾರದು."

ಅತ್ತೆಯನ್ನು ಎಬ್ಬಿಸುವುದು ಸುಲಭವಾಗಲಿಲ್ಲ. ಅಕ್ಕ ಮರ ತೋರಿಸಿ, ಮೊಣಕೈ ಮೇಲೆತ್ತಿ, ಅಂಗೈಯನ್ನು ಧೊಪ್ಪನೆ ಬೀಳಿಸಿ ತೋರಿಸಿದಳು.

"ಬೀಳುತ್ತಾ? ಹನ್ನೊಂದು ವರ್ಷ ನನ್ನ ಬೆನ್ನು ಹೊತ್ತಿದೆ, ಇವತ್ತು ಬೀಳುತ್ತಾ? ಒಳಗೆ ಕೂರಿಸಿ ನನ್ನನ್ನ ಬೇಯಿಸ್ಬೇಕು ಅಂತಿದ್ದೀಯಾ, ಹಾಗೆ ಹೇಳು!"

"ಬೇಯಿರಿ ಒಂದಿನ. ಏನೂ ಕರಗಿ ಹೋಗಲ್ಲ" ಎಂದು ಅಕ್ಕ ಅವರ ರಟ್ಟೆ ಹಿಡಿದು ಮುಂದಿನ ಕೋಣೆಗೆ ತಂದು ಕುರ್ಚಿಯಲ್ಲಿ ಕೂರಿಸಿದಳು. ಬೆನ್ನಿಗೆ ದಿಂಬು ಕೊಟ್ಟಳು, ಮಡಿಲಿಗೆ ಗುಂಡಿ ಡಬ್ಬಿ ಇಟ್ಟಳು. ಅಲ್ಲೇ ಕಾಜ ಹಾಕುತ್ತ ಕೂತಿದ್ದ ತಂಗಿಗೆ "ಕಣ್ಣಿಟ್ಟಿರು" ಎಂದು ಹೇಳಿ ನರ್ಸರಿಯವರನ್ನು ಕಳಿಸಲು ಗೇಟಿನ ತನಕ ಬಂದಳು.

ಅವರು ಹೊರಡಲಿಲ್ಲ. ಆ ನೀಲಿ ಎಳೆಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು.

"ಅಲ್ಲಮ್ಮಾ, ಬೆಳೆಯೋ ಮಕ್ಕಳಿಗೆ ಅಂಗಿ ಹೊಲಿಯೋರು ನೀವು. ಸಸಿಗೆ ಎಷ್ಟು ಬಿಟ್ಟು ಹೊಲಿದ್ರಿ?"

ಅಕ್ಕ ತೆರೆದ ಬಾಗಿಲಿನ ಕಡೆ ತಿರುಗಿದಳು. ತಂಗಿ ಸೂಜಿಯ ಕಣ್ಣಿಗೆ ದಾರ ಪೋಣಿಸಲು ತಲೆ ತಗ್ಗಿಸಿದ್ದಳು. ಅವಳ ಹಿಂದೆ ಕುರ್ಚಿ ಕಾಣುತ್ತಿತ್ತು.

"ಮಕ್ಕಳಿಗಾದ್ರೆ ಯಜಮಾನ್ರೇ, ನಾನು ಯಾವತ್ತೂ ಎರಡು ಬೆರಳು..."

ಕುರ್ಚಿಯಲ್ಲಿ ಅತ್ತೆ ಇರಲಿಲ್ಲ, ದಿಂಬೂ ಡಬ್ಬಿಯೂ ಇರಲಿಲ್ಲ. ಹಿತ್ತಲಿನಿಂದ ಮತ್ತೆ ಚಟ್ ಅಂತ ಕೇಳಿತು. ಅದರ ಹಿಂದೆಯೇ ಹಳೆ ಬಟ್ಟೆಯನ್ನು ನಿಧಾನವಾಗಿ ಹರಿದಂಥ ಸದ್ದು. ಕೂಗಿ ಉಪಯೋಗವಿರಲಿಲ್ಲ. ಅಕ್ಕ ಆ ಮಾತನ್ನು ಅಲ್ಲೇ ಬಿಟ್ಟು, ಚಪ್ಪಲಿಯನ್ನೂ ಅಲ್ಲೇ ಬಿಟ್ಟು, ಹಿತ್ತಲಿನ ಕಡೆ ಓಡಿದಳು.