ಮೊದಲ ಬೇಸಿನ ಡೊಮಿತಿಲಾ

ಬೇಸ್‌ಬಾಲ್‌ನಲ್ಲಿ ಬರೀ ಹೊಡೆತವನ್ನಲ್ಲ, ಬ್ಯಾಟುಗಾರ ಎಷ್ಟು ಸಲ ಬೇಸ್ ಮುಟ್ಟಿದ ಎಂಬುದನ್ನೂ ನೋಡಬೇಕಂತೆ. ಟೀವಿಯ ಪಂಡಿತರು ಈ ಮಾತನ್ನು ತಾವೇ ಹೆತ್ತ ಕೂಸಿನ ಹಾಗೆ ಎತ್ತಿ ಮುದ್ದಾಡುವಾಗ ನನ್ನ ಮೈಯೆಲ್ಲ ಉರಿಯುತ್ತದೆ. ನಮ್ಮ ಸಕ್ಕರೆ ಗಿರಣಿಯ ಕೇರಿಯಲ್ಲಿ ಡೊಮಿತಿಲಾ ಈ ಲೆಕ್ಕವನ್ನು ಐವತ್ತು ವರ್ಷದ ಹಿಂದೆಯೇ ಹಾಕಿದ್ದಳು, ಜಾಲರಿ ಸೌಟು ಹಿಡಿದುಕೊಂಡು.

ಆಟದ ಬಯಲಿನಲ್ಲಿ ಮೊದಲ ಬೇಸಿನ ಪಕ್ಕ ಅವಳು ಯಾನಿಕೇಕೆ ಎಂಬ ಹಿಟ್ಟಿನ ರೊಟ್ಟಿ ಕರಿದು ಮಾರುತ್ತಿದ್ದಳು. ಬ್ಯಾಟು ಬೀಸುವವನು ಅವಳಿಗೆ ಕಾಣುತ್ತಿರಲಿಲ್ಲ. ನೀರಿನ ತೊಟ್ಟಿ ಅಡ್ಡ. ಬೇಸಿಗೆ ಬಂದು ನಿಂತವನಷ್ಟೇ ಕಾಣುತ್ತಿದ್ದ. ಗಾಳಿಗೆ ಮರೆಯಾಗಿ ಒಲೆಗೆ ಆನಿಸಿದ್ದ ತಗಡಿನ ಮೇಲೆ, ಬಂದವನ ಲೆಕ್ಕಕ್ಕೆ ಇದ್ದಲಿನಲ್ಲಿ ಒಂದು ಗೆರೆ ಎಳೆಯುವಳು. ಅಕ್ಷರ ಬಾರದು, ನಮ್ಮ ತಂಡದ ರದಾಮೆಸ್‌ಗೆ ಹುಂಜದ ಚಿತ್ರ, ಎವಾರಿಸ್ಟೊಗೆ ಮಚ್ಚಿನ ಚಿತ್ರ.

ಆ ವರ್ಷದ ಪಂದ್ಯಗಳೆಲ್ಲ ನಮ್ಮ ಬಯಲಿನಲ್ಲೇ ನಡೆದವು. ಕೊನೆಯ ಪಂದ್ಯಕ್ಕೆ ಮುಂಚೆ ತಂಡದ ಯಜಮಾನ ಫಾಬ್ರಿಸಿಯೊ ಎವಾರಿಸ್ಟೊನನ್ನು ಕೈಬಿಟ್ಟ. ತಂಡದಲ್ಲಿದ್ದವನಿಗೆ ಗಿರಣಿಯ ತಕ್ಕಡಿಯಲ್ಲಿ ಕಬ್ಬು ತೂಗುವ ಕೆಲಸ. ಹೊರಬಿದ್ದವನಿಗೆ ಮತ್ತೆ ಮಚ್ಚು, ಮತ್ತೆ ಗದ್ದೆಯ ಬಿಸಿಲು.

ಡೊಮಿತಿಲಾ ತಗಡನ್ನೇ ಕಿತ್ತುಕೊಂಡು ಬಂದಳು.

"ಯಾಕಯ್ಯಾ ಅವನನ್ನ ತೆಗೆದೆ?"

"ದೊನ್ಯಾ, ನೀವು ಬಾಣಲೆ ನೋಡ್ಕೊಳ್ಳಿ," ಎಂದ ಫಾಬ್ರಿಸಿಯೊ. "ಅವನ ಸರಾಸರಿ ನೂರಕ್ಕೆ ಇಪ್ಪತ್ತೆರಡು. ರದಾಮೆಸ್‌ದು ಮೂವತ್ತೊಂದು. ಕೊಂಪಾಯ್ ಪುಸ್ತಕದಲ್ಲಿ ಬರೆದಿದ್ದಾರೆ, ಕೇಳಿ."

ಕೇರಿಯವರು ಕೊಂಪಾಯ್, ಅಂದರೆ ಗೆಳೆಯ, ಎನ್ನುತ್ತಿದ್ದುದು ನನ್ನನ್ನೇ; ಆಟದ ಲೆಕ್ಕದ ಪುಸ್ತಕ ನನ್ನದು. ಸಕ್ಕರೆ ಚೀಲದ ಮೇಲಿನ ಅಕ್ಷರ ನೋಡಿ ಓದು ಕಲಿತವನು. ಕೇರಿಯಲ್ಲಿ ಸರಾಸರಿ ತೆಗೆಯಬಲ್ಲವನು ನಾನೊಬ್ಬನೇ.

"ಹುಂಜ ನನ್ನ ಮುಂದೆ ಬಂದಿದ್ದು ಮೂವತ್ನಾಲ್ಕು ಸಲ. ಮಚ್ಚು ನಲವತ್ನಾಲ್ಕು!" ಎಂದು ಅವಳು ತಗಡು ಕುಟ್ಟಿದಳು. "ಮಿಕ್ಕ ಗೆರೆ ಎಲ್ಲಿ ನುಂಗಿದ್ರಿ?"

ನಾನು ಗತ್ತಿನಿಂದ ಬಿಡಿಸಿ ಹೇಳಿದೆ: "ಎಸೆಯುವವನು ನಾಲ್ಕು ಚೆಂಡು ಕೆಟ್ಟದಾಗಿ ಎಸೆದು, ಬ್ಯಾಟುಗಾರ ಅದಕ್ಕೆ ಕೈ ಹಾಕದಿದ್ರೆ ಬೇಸಿಗೆ ಪುಕ್ಕಟೆ ನಡೀಬಹುದು ದೊನ್ಯಾ. ಅದು ಹೊಡೆತ ಅಲ್ಲ, ಅವಕಾಶವೂ ಅಲ್ಲ. ಸರಾಸರಿಗೆ ಸೇರಲ್ಲ."

"ಹಾಗಾದ್ರೆ ನನ್ನ ಮುಂದೆ ನಿಂತು ಬೆವರು ಒರೆಸ್ಕೊಂಡಿದ್ದು ಅವನ ದೆವ್ವವಾ?"

"ಗಂಡಸಾದವನು ಹೊಡೀಬೇಕು," ಫಾಬ್ರಿಸಿಯೊ ನಕ್ಕ. "ನಡ್ಕೊಂಡು ಹೋಗೋಕೆ ಇದೇನು ಚರ್ಚಿನ ಮೆರವಣಿಗೆಯಾ?"

ನಾನು ಪುಸ್ತಕ ತೆರೆದೆ. ಇಬ್ಬರೂ ನೂರು ನೂರು ಸಲ ಬ್ಯಾಟು ಹಿಡಿದಿದ್ದರು. ರದಾಮೆಸ್‌ಗೆ ಮೂವತ್ತು ಹೊಡೆತ, ನಾಲ್ಕು ನಡಿಗೆ. ಎವಾರಿಸ್ಟೊಗೆ ಹದಿನಾರು ಹೊಡೆತ, ಇಪ್ಪತ್ತೆಂಟು ನಡಿಗೆ. ಆ ಇಪ್ಪತ್ತೆಂಟನ್ನು ನೂರರಿಂದ ಕಳೆದು, ಉಳಿದ ಎಪ್ಪತ್ತೆರಡಕ್ಕೆ ಹದಿನಾರು ಎಂದು ಬರೆದು ಬೀಗಿದವನು ನಾನು. ತಗಡು ಸರಿಯಾಗಿತ್ತು. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನಿಸಿತು. ಆ ಸಿಟ್ಟೆಲ್ಲ ಫಾಬ್ರಿಸಿಯೊ ಮೇಲೆ ತಿರುಗಿತು.

"ಇಗೋ ಪೆನ್ನು. ಅವನಿಲ್ಲದಿದ್ರೆ ಭಾನುವಾರದ ಆಟ ನೀನೇ ಬರ್ಕೋ."

ಫಾಬ್ರಿಸಿಯೊಗೆ ಸಹಿ ಹಾಕುವುದಕ್ಕಿಂತ ಹೆಚ್ಚು ಬರೆಯಲು ಬಾರದು. ಹಲ್ಲು ಕಡಿದು, ಎವಾರಿಸ್ಟೊನನ್ನು ಬ್ಯಾಟು ಹಿಡಿಯುವವರ ಸಾಲಿನ ಕಟ್ಟಕಡೆಗೆ ಹಾಕಿದ.

ಭಾನುವಾರ ಎವಾರಿಸ್ಟೊ ನಾಲ್ಕು ಸಲ ಬ್ಯಾಟು ಹಿಡಿದ, ನಾಲ್ಕು ಸಲವೂ ನಡೆದ. ಅದರಲ್ಲಿ ಎರಡು ಸಲ ಸುತ್ತು ಮುಗಿಸಿ ರನ್ ತಂದ. ನಾವು ಒಂದು ರನ್ನಿನಿಂದ ಗೆದ್ದೆವು. ಸೋಮವಾರ ನೀನು ತಕ್ಕಡಿಗೇ ಹೋಗು ಎಂದು ಫಾಬ್ರಿಸಿಯೊ ಅವನ ಮುಖ ನೋಡದೆ ಹೇಳಿದ.

ಅಷ್ಟರಲ್ಲಿ ಅಟ್ಟಣಿಗೆಯ ಮೇಲಿಂದ ಘೋಷಣೆಗಾರನ ಧ್ವನಿವರ್ಧಕ ಕೂಗಿತು: "ರದಾಮೆಸ್, ನಾಲ್ಕಕ್ಕೆ ಎರಡು! ಎವಾರಿಸ್ಟೊ, ಸೊನ್ನೆಗೆ ಸೊನ್ನೆ!"

ಜನ ಗೊಳ್ಳೆಂದರು. ಡೊಮಿತಿಲಾ ಎಣ್ಣೆ ತೊಟ್ಟಿಕ್ಕುವ ಸೌಟು ಹಿಡಿದು ಅಟ್ಟಣಿಗೆಯ ಏಣಿಯ ಕೆಳಗೆ ನಿಂತಳು.

"ಸೊನ್ನೆನಾ? ಇಳಿಯೋ ಕೆಳಗೆ! ಆ ಎರಡು ರನ್ ನಿನ್ನಪ್ಪ ತಂದನೇನೋ?"

ಮೇಲಿದ್ದವನು ಏಣಿಯನ್ನೇ ಎಳೆದುಕೊಂಡ. ಎವಾರಿಸ್ಟೊ ಓಡಿ ಬಂದು ಅವಳ ಮೊಣಕೈ ಹಿಡಿದ.

"ಬನ್ನಿ ದೊನ್ಯಾ, ಒಲೆ ಮೇಲೆ ಎಣ್ಣೆ ಸುಡ್ತಾ ಇದೆ."

"ಸುಡ್ಲಿ!"