ದೊಡ್ಡಕ್ಕನ ಮೆಲುಕು

ನನ್ನ ವಾರಗಿತ್ತಿ ದೊಡ್ಡಕ್ಕ ಕೋಲು ಬೀಸಿ ಕುರಿ ತಿರುಗಿಸಿದ್ದನ್ನು ನಾನು ಕಂಡಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ 'ಟುರ್ರ್ರ್' ಎಂದು ಒಂದು ಸಲ ಎಳೆದರೆ, ಗುಡ್ಡದ ಆ ಮಗ್ಗುಲಲ್ಲಿ ಮೇಯುತ್ತಿದ್ದ ಅರವತ್ತು ಕುರಿಯೂ ತಲೆ ಎತ್ತುತ್ತಿದ್ದವು. ಶ್ರೀರಾಂಪುರದ ಕಡೆಯ ನಮ್ಮ ಹಟ್ಟಿಯಲ್ಲಿ ಗಂಡಸರಿಗೂ ಆ ಕರೆ ಬರುತ್ತಿರಲಿಲ್ಲ.

ಹತ್ತು ವರ್ಷದ ಹಿಂದೆ ಅವಳ ಗಂಡ, ನನ್ನ ಭಾವ ಸಣ್ಣಪ್ಪ, ಹಾವು ಕಡಿದು ತೀರಿಕೊಂಡರು. ಆಮೇಲೆ ಅವಳಿಗೆ ಅವರ ದನಿ ಕೇಳಿಸತೊಡಗಿತು. ಉಣ್ಣುವ ತಟ್ಟೆ ಬಿಟ್ಟು, "ಕರೀತಾ ಅವ್ರೆ ಕಣೇ ನಿಂಗಿ, ರೊಪ್ಪದಾಗೆ" ಎಂದು ಎದ್ದು ಕುರಿದೊಡ್ಡಿಯ ಕಡೆಗೆ ಹೋಗುವಳು. ಹೊಸದುರ್ಗದ ಡಾಕ್ಟರು ಗುಳಿಗೆ ಬರೆದುಕೊಟ್ಟು, ಒಂದು ತಿಂಗಳಿಗೆ ಮತ್ತೆ ಬಂದು ತೋರಿಸಿ ಎಂದರು. ಇಪ್ಪತ್ತು ದಿನಕ್ಕೇ ದನಿ ನಿಂತಿತು, ನಿದ್ದೆ ಬಂತು. ನಾವು ಮತ್ತೆ ಹೋಗಲಿಲ್ಲ. ಗುಣ ಕೊಟ್ಟ ಗುಳಿಗೆಯಲ್ಲವೇ ಎಂದು, ಸಂತೆಗೆ ಹೋದಾಗಲೆಲ್ಲ ಅಂಗಡಿಯಲ್ಲಿ ಖಾಲಿ ಪಟ್ಟಿ ತೋರಿಸಿ ಹೊಸದು ತರುತ್ತಿದ್ದೆ. ನಾನು ಓದಿದ್ದು ಎರಡನೇ ಕ್ಲಾಸು. ಪಟ್ಟಿಯ ಬಣ್ಣ ನೋಡಿ ಅದೇ ಎಂದು ತಿಳಿಯುತ್ತಿದ್ದೆ. ಒಂಬತ್ತು ವರ್ಷ ಒಂದು ಸಲವೂ ತಪ್ಪಿಸಲಿಲ್ಲ.

ಹೋದ ವರ್ಷ ಅವಳ ದವಡೆ ತಾನಾಗಿ ಆಡತೊಡಗಿತು. ಬಾಯಲ್ಲಿ ಏನೂ ಇಲ್ಲದೆ ಅಗಿಯುವಳು. ನಾಲಿಗೆ ಹೊರಗೆ ಬಂದು ಒಳಗೆ ಹೋಗುವುದು.

"ಏನ್ ದೊಡ್ಡಕ್ಕ, ಮೆಲುಕು ಹಾಕ್ತಾ ಇದೀಯ? ಕುರಿ ಹಿಂದೆ ಹೋಗಿ ಹೋಗಿ ಕುರಿನೇ ಆದ್ಯಲ್ಲ" ಎಂದ ಪಕ್ಕದ ಮನೆಯ ಪಾಲಣ್ಣ.

"ಹೂಂ ಕಣಪ್ಪ. ನಿನ್ನ ಹೊಲದ ಶೇಂಗಾ ಬಳ್ಳಿ ಮೇಯ್ದಿದ್ದೆ, ಇನ್ನೂ ಅರಗಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂದಿನಿಂದ ಹಟ್ಟಿಯಲ್ಲಿ ಅದಕ್ಕೆ ಮೆಲುಕು ಎಂದೇ ಹೆಸರಾಯಿತು. ಕಾಯಿಲೆ ಎಂದು ಯಾರಿಗೂ ಹೊಳೆಯಲಿಲ್ಲ.

ಒಂದು ಸಂಜೆ ಅವಳು ಕರೆದಾಗ ನಾಲಿಗೆ ಅಂಗುಳದಲ್ಲಿ ನಿಲ್ಲದೆ ಜಾರಿತು. 'ಟು... ಟು...' ಅಷ್ಟೇ. ಕುರಿಗಳು ತಲೆ ಎತ್ತಲಿಲ್ಲ. ಹಿಂದೆ ಉಳಿದ ಎರಡು ಮರಿ ತೋಳದ ಪಾಲಾದವು. ನನ್ನ ಮಗ ಬೀರೇಶ್, "ದೊಡ್ಡವ್ವ, ಇನ್ಮೇಲೆ ನಾನೇ ಹೊಡ್ಕೊಂಡು ಹೋಗ್ತೀನಿ, ನೀನು ಮನೇಲಿರು" ಎಂದ.

"ಮೊದ್ಲು ಬಾಯಿ ಸರಿ ಮಾಡಿಸ್ರಪ್ಪ. ಆಮೇಲೂ ಅವು ಬರ್ಲಿಲ್ಲ ಅಂದ್ರೆ ಬಿಟ್ಟುಕೊಡ್ತೀನಿ" ಎಂದಳು ಅಕ್ಕ.

ಚಿತ್ರದುರ್ಗದ ನರದ ಡಾಕ್ಟರಮ್ಮನ ಬಳಿ ಹೋದೆವು. ಯಾವ ಮಾತ್ರೆ ತಗೋತಾರೆ ಎಂದು ಕೇಳಿದಾಗ, ಜಾಣತನದಿಂದ ಚೀಲದಲ್ಲಿಟ್ಟುಕೊಂಡಿದ್ದ ಪಟ್ಟಿಯನ್ನು ತೆಗೆದುಕೊಟ್ಟೆ. ಅವರು ಅದನ್ನು ತಿರುಗಿಸಿ ಹೆಸರು ಓದಿದರು.

"ಇದನ್ನ ವರ್ಷಗಟ್ಟಲೆ ತಗೊಂಡ್ರೆ ಕೆಲವರಿಗೆ ಹಿಂಗಾಗುತ್ತೆ ಅಮ್ಮ. ಬಾಯಿ, ನಾಲಿಗೆ ತಾವಾಗೇ ಆಡ್ತವೆ. ಆಗಾಗ ತೋರಿಸ್ತಾ ಇರಬೇಕಿತ್ತು. ಯಾರು ತಂದುಕೊಡ್ತಿದ್ರು?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಆ ಆಡುವ ನಾಲಿಗೆಯಲ್ಲೇ ಹೇಳಿದಳು: "ನಾನೇ ತರ್ತಿದ್ದೆ ಕಣಮ್ಮ."

ಹಳೆಯ ಗುಳಿಗೆಯನ್ನು ಒಮ್ಮೆಗೇ ನಿಲ್ಲಿಸಬಾರದು, ಸ್ವಲ್ಪ ಸ್ವಲ್ಪವೇ ಇಳಿಸಬೇಕು ಎಂದರು. ಬಾಯಿ ಆಡುವುದಕ್ಕೆ ಬೇರೆ ಗುಳಿಗೆ ಬರೆದರು. ಕಡಿಮೆಯಾಗಬಹುದು, ಪೂರ್ತಿ ಹೋಗುತ್ತದೆ ಎಂದು ಹೇಳಲಾರೆ ಎಂದರು. ಈಗ ತಿಂಗಳು ತಿಂಗಳೂ ಹೋಗಿ ತೋರಿಸುತ್ತೇವೆ.

ಎಂಟು ತಿಂಗಳಾಯಿತು. ದವಡೆ ಅರ್ಧಕ್ಕರ್ಧ ತಣ್ಣಗಾಗಿದೆ. ನಾಲಿಗೆ ಮಾತು ಕೇಳುವುದಿಲ್ಲ. ಯುಗಾದಿಯ ಮರುದಿನ ಕೊನೆಯ ಸಲ ಕರೆದು ನೋಡಿ, ಕೋಲನ್ನು ಬೀರೇಶನ ಕೈಗೆ ಕೊಟ್ಟಳು.

ಈಗ ಸಂಜೆ ನಾವಿಬ್ಬರೂ ರೊಪ್ಪದ ಕಲ್ಲಿನ ಮೇಲೆ ಕುಳಿತಿರುತ್ತೇವೆ. "ನೀನು ಕರಿ ನಿಂಗಿ" ಎನ್ನುತ್ತಾಳೆ. ತೋರಿಸಿಕೊಡಲು ಅವಳ ನಾಲಿಗೆ ನಿಲ್ಲದು, ಹೇಗೆ ಒತ್ತಬೇಕೆಂದು ಬಾಯಿಮಾತಲ್ಲೇ ಹೇಳುತ್ತಾಳೆ. ನಾನು ಒತ್ತಿ ಎಳೆಯುತ್ತೇನೆ. ಕುರಿಗಳು ಮೇಯುತ್ತಲೇ ಇರುತ್ತವೆ.

"ಇನ್ನೂ ಮ್ಯಾಲಕ್ಕೆ ಒತ್ತು" ಎನ್ನುತ್ತಾಳೆ ಅಕ್ಕ.